ನಿಮಗಿದು ಗೊತ್ತೇ? ಟರ್ಬೊ ಬಿಟ್ಟು ತಿರುವಿಗೆ ಒಲಿದ ಕಾರುಗಳು

1974ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಪೋರ್ಷೆ 911 ಟರ್ಬೊಗೆ ಬಂದ ಅಡ್ಡಹೆಸರು 'ವಿಡೋಮೇಕರ್'. ಹೆಂಡತಿಯ ತಾಳಿಗೇ ಸಂಚಕಾರ ತರುವ ಕಾರು ಎಂದರ್ಥ!

ಯಾಕೆ ಗೊತ್ತೇ? 3 ಲೀಟರ್ ಎಂಜಿನ್, 260 ಅಶ್ವಶಕ್ತಿ. ಆ ಎಂಜಿನ್ ಕೂತಿದ್ದು ಹಿಂದಿನ ಚಕ್ರಗಳಿಗೂ ಹಿಂದೆ. ತಿರುವಿನ ನಡುವೆ ಆಕ್ಸಿಲರೇಟರ್ ತುಳಿದರೆ ಮೊದಲು ಏನೂ ಆಗುವುದಿಲ್ಲ. ಎಂಜಿನ್ ಉಗುಳುವ ಬಿಸಿ ಗಾಳಿ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಚಕ್ರವನ್ನು ವೇಗಕ್ಕೆ ತರುವವರೆಗೆ ಕಾಯಬೇಕು. ಇದೇ ಟರ್ಬೊ ಲ್ಯಾಗ್. ಆಮೇಲೆ ಶಕ್ತಿಯೆಲ್ಲ ಒಮ್ಮೆಲೇ ನುಗ್ಗುತ್ತದೆ. ಗಾಬರಿಯಿಂದ ಕಾಲೆತ್ತಿದಿರೋ, ಭಾರ ಮುಂದಕ್ಕೆ ವಾಲಿ ಹಿಂದಿನ ಟೈರುಗಳ ಹಿಡಿತ ಸಡಿಲುತ್ತದೆ, ಕಾರಿನ ಬಾಲ ಮುಂದೆ ಬರುತ್ತದೆ. ಹೆದರಿಕೆಯಾದಾಗ ಕಾಲೆತ್ತುವುದು ಮನುಷ್ಯನ ಸಹಜ ಬುದ್ಧಿ. ಈ ಕಾರಿನಲ್ಲಿ ಅದೇ ಮುಳುವಾಗುತ್ತಿತ್ತು. (ಇಂದಿನ ಟರ್ಬೊ ಕಾರುಗಳು ಬಹಳ ಸುಧಾರಿಸಿವೆ, ಆ ಮಾತು ಹೇಳಲೇಬೇಕು.)

ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು.

ಎಷ್ಟೇ ಅಶ್ವಶಕ್ತಿಯ ಕಾರಾದರೂ ರಸ್ತೆಗೆ ತಾಗುವುದು ನಾಲ್ಕೇ ಕಡೆ. ಒಂದೊಂದು ಟೈರಿನದೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗುವಾಗ ಪಕ್ಕದವರ ಮೇಲೆ ವಾಲುತ್ತೀರಲ್ಲ, ಕಾರಿನ ಭಾರವೂ ಹಾಗೆಯೇ ಹೊರಬದಿಯ ಟೈರುಗಳ ಮೇಲೆ ಬೀಳುತ್ತದೆ. ಕಾರು ಹಗುರವಾಗಿದ್ದಷ್ಟೂ, ಅದರ ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ಆ ಅಂಗೈಗಳಿಗೆ ಕಷ್ಟ ಕಡಿಮೆ.

1988ರ ಫಾರ್ಮುಲಾ ಒನ್‌ನಲ್ಲಿ 16 ರೇಸುಗಳ ಪೈಕಿ 15ನ್ನು ಗೆದ್ದ ಮೆಕ್ಲಾರೆನ್ ಕಾರುಗಳಲ್ಲಿ ಇದ್ದದ್ದು ಹೋಂಡಾದ ಟರ್ಬೊ ಎಂಜಿನ್. ಟರ್ಬೊ ವಿದ್ಯೆಯನ್ನು ಅರೆದು ಕುಡಿದಿದ್ದ ಅದೇ ಹೋಂಡಾ 1990ರಲ್ಲಿ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರನ್ನು ತಂದಾಗ ಅದರಲ್ಲಿ ಟರ್ಬೊ ಇರಲಿಲ್ಲ! ಮೈಯೆಲ್ಲ ಅಲ್ಯೂಮಿನಿಯಂ, ಎಂಜಿನ್ ಚಾಲಕನ ಬೆನ್ನಿಗೆ. ಮಾರುಕಟ್ಟೆಗೆ ಬರುವ ಮೊದಲು ಸುಜುಕಾ ಟ್ರ್ಯಾಕಿನಲ್ಲಿ ಅದನ್ನು ಓಡಿಸಿ ನೋಡಿದ ಮೆಕ್ಲಾರೆನ್ ಚಾಲಕ ಐರ್ಟನ್ ಸೆನ್ನಾ, ಚೌಕಟ್ಟಿನ ಬಿಗಿ ಸಾಲದು ಎಂದರು. ಚೌಕಟ್ಟು ಬಾಗಿದರೆ ಚಕ್ರಗಳ ಕೋನ ತಪ್ಪುತ್ತದೆ, ಸ್ಟೇರಿಂಗ್ ಸುಳ್ಳು ಹೇಳತೊಡಗುತ್ತದೆ. ಎಂಜಿನಿಯರುಗಳು ಮತ್ತೆ ಕೂತು ಅದನ್ನು ಗಟ್ಟಿ ಮಾಡಿದರು.

ಮೆಕ್ಲಾರೆನ್ ಎಫ್1 ಎಂಬ ರಸ್ತೆ ಕಾರಿನ ಶಿಲ್ಪಿ ಗಾರ್ಡನ್ ಮರ್ರೆ ವರ್ಷಗಟ್ಟಲೆ ಓಡಿಸಿದ್ದು ಈ ಎನ್‌ಎಸ್‌ಎಕ್ಸ್ ಕಾರನ್ನೇ. ಅವರ ಎಫ್1ಗೂ ಟರ್ಬೊ ಇಲ್ಲ. ಆದರೂ 1998ರಲ್ಲಿ ಅದು ಗಂಟೆಗೆ 386 ಕಿ.ಮೀ. ಮುಟ್ಟಿತು.

ಮಾಜ್ದಾ ಎಂಎಕ್ಸ್-5 (1989) ಕಾರಿನ ಎಂಜಿನ್ ಬರೀ 1.6 ಲೀಟರ್, ತೂಕ ಒಂದು ಟನ್ನಿನೊಳಗೆ. ಭಾರ ಮುಂದೆ, ಹಿಂದೆ ಸರಿಸುಮಾರು ಅರ್ಧರ್ಧ. ಅದನ್ನು ಕಟ್ಟಿದವರು ಮುಂದಿಟ್ಟುಕೊಂಡ ಮಾತು 'ಜಿನ್ಬಾ ಇತ್ತಾಯ್': ಸವಾರ, ಕುದುರೆ ಎರಡೂ ಒಂದೇ ಜೀವ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ. ಗಿನ್ನೆಸ್ ದಾಖಲೆ ಇದರದೇ.

ಟೊಯೊಟಾದ ಸುಪ್ರಾಗೆ ಜೋಡಿ ಟರ್ಬೊ ಇತ್ತು, 2002ರಲ್ಲಿ ಅದರ ತಯಾರಿಕೆ ನಿಂತಿತು. ಹತ್ತು ವರ್ಷದ ಮೇಲೆ ಅದೇ ಕಂಪನಿ ತಂದ ಜಿಟಿ86ಗೆ ಟರ್ಬೊ ಇರಲಿಲ್ಲ, ಇದ್ದದ್ದು ಬರೀ 200 ಅಶ್ವಶಕ್ತಿ. ಅಷ್ಟೇ ಅಲ್ಲ, ಪ್ರಿಯಸ್ ಎಂಬ ಸೌಮ್ಯ ಹೈಬ್ರಿಡ್ ಕಾರಿನ ಟೈರುಗಳನ್ನೇ ಇದಕ್ಕೂ ತೊಡಿಸಿದರು! ಹಿಡಿತ ಕೊಂಚ ಕಡಿಮೆಯಿದ್ದರೆ ಕಡಿಮೆ ವೇಗದಲ್ಲೇ ಕಾರು ಜಾರಲು ಶುರುವಿಡುತ್ತದೆ, ಅದನ್ನು ಸಂಭಾಳಿಸುವ ಆಟ ಚಾಲಕನ ಕೈಗೆ ಸಿಗುತ್ತದೆ.

ಟರ್ಬೊ ಇಳಿದು ಇಂಥ ಕಾರು ಹತ್ತಿದವರಿಗೆ ಮೊದಲ ದಿನ ಸಪ್ಪೆ ಎನಿಸುವುದು ಸಹಜ. ಬೆನ್ನಿಗೆ ಬೀಳುತ್ತಿದ್ದ ಆ ಗುದ್ದು ಇಲ್ಲ. ಜಿಟಿ86ರ ಪೂರ್ತಿ ಶಕ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗುವಾಗ; ಗೇರ್ ಇಳಿಸಿ ಎಂಜಿನ್ನನ್ನು ಕೂಗಿಸಬೇಕು. ಆದರೆ ತಿರುವಿನಲ್ಲಿ ವೇಗ ಕಳೆದುಕೊಳ್ಳುವುದೇ ಕಡಿಮೆಯಾದ್ದರಿಂದ ಮರಳಿ ಗಳಿಸಬೇಕಾದದ್ದೂ ಕಡಿಮೆ. ಬೆರಳ ತುದಿಗೆ ರಸ್ತೆಯ ತರಿತರಿ ತಿಳಿಯತೊಡಗಿದ ಮೇಲೆ ಆ ಗುದ್ದು ನೆನಪಾಗುವುದೇ ಅಪರೂಪ.

ಹಗುರತನಕ್ಕೆ ಇನ್ನೊಂದು ಉದಾಹರಣೆ ಇಂಗ್ಲೆಂಡಿನ ಲೋಟಸ್ ಎಲೀಸ್. ಅದರ ಚೌಕಟ್ಟು ಅಲ್ಯೂಮಿನಿಯಂ ಪಟ್ಟಿಗಳದು, ಅವನ್ನು ಬೆಸೆದದ್ದು ಅಂಟಿನಿಂದ! ಇಡೀ ಕಾರಿನ ತೂಕ 725 ಕಿಲೊ ಆಸುಪಾಸು ಇತ್ತು. ಅದಕ್ಕೆ ಹೆಸರು ಕೊಟ್ಟವಳು ಕಂಪನಿಯ ಅಂದಿನ ಯಜಮಾನ ರೊಮಾನೊ ಆರ್ತಿಯೋಲಿ ಅವರ ಪುಟ್ಟ ಮೊಮ್ಮಗಳು ಎಲಿಸಾ. 1995ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾರಿನ ಜೊತೆ ಅವಳೂ ಇದ್ದಳು.