ಏಣು ಹಿಡಿದು ಹತ್ತಿ

ನಮೀಬಿಯಾದ ಮರಳುದಿಬ್ಬ ಹತ್ತಲು ಹೊರಟವರಿಗೆ ನಾನು ಹೇಳುವುದು ಒಂದೇ: ಏಣು ಬಿಡಬೇಡಿ. ದಿಬ್ಬದ ಎರಡು ಮಗ್ಗುಲು ಕೂಡುವ ಆ ಗೆರೆಯ ಮೇಲೆ, ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ನಡೆದರೆ ನನ್ನಂಥ ಮಂಡಿನೋವಿನವರೂ ನೆತ್ತಿ ಮುಟ್ಟಬಹುದು. ಬೇಗ ಹತ್ತಿಬಿಡೋಣ ಎಂದು ಪಕ್ಕದ ಇಳಿಜಾರಿಗೆ ಕಾಲಿಟ್ಟಿರೋ, ಪ್ರತಿ ಹೆಜ್ಜೆಗೂ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತೀರಿ.

ಇದಕ್ಕೆಲ್ಲ ಕಾರಣ ಗಾಳಿ. ಗಾಳಿ ಬೀಸುವ ಮಗ್ಗುಲಲ್ಲಿ ಮರಳು ಕುಪ್ಪಳಿಸುತ್ತ ಮೇಲೇರುತ್ತದೆ. ಅಲ್ಲಿ ಮರಳು ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಏಣು ದಾಟಿದ ಮರಳು ಆಚೆಗೆ ಸುರಿಯುತ್ತದೆ. ಆ ಕಡೆಯ ಇಳಿಜಾರು ಸುಮಾರು 33 ಡಿಗ್ರಿ ಮೀರಿದರೆ ತಾನೇ ಕುಸಿಯುತ್ತದೆ. ಈ ದಿಬ್ಬಗಳಿರುವ ಸೊಸುಸ್‌ವ್ಲೇ ಸುತ್ತಮುತ್ತ ಗಾಳಿ ಬೇರೆ ಬೇರೆ ದಿಕ್ಕಿನಿಂದ ಬೀಸುವುದರಿಂದ ಒಂದೇ ದಿಬ್ಬಕ್ಕೆ ಹಲವು ತೋಳು ಮೂಡಿ ನಕ್ಷತ್ರದ ಆಕಾರ ಬರುತ್ತದೆ.

ಈ ಮರಳು ದೂರದಿಂದ ಬಂದದ್ದು. ಆರೆಂಜ್ ನದಿ ದಕ್ಷಿಣ ಆಫ್ರಿಕಾದ ಒಳನಾಡಿನಿಂದ ಹೊತ್ತು ತಂದದ್ದನ್ನು ಅಟ್ಲಾಂಟಿಕ್‌ನ ಅಲೆಗಳು ಉತ್ತರಕ್ಕೆ ಒಯ್ದು ದಡಕ್ಕೆ ಹಾಕಿದವು, ಗಾಳಿ ಒಳಕ್ಕೆ ತಂದಿತು. 30 ಲಕ್ಷ ಹೆಕ್ಟೇರ್ ಮೀರಿದ ಈ ಮರಳುಗಡಲು 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದು ಹಿಡಿ ತೆಗೆದು ನೋಡಿ, ಕಣಗಳಿಗೆ ಕಬ್ಬಿಣದ ತುಕ್ಕಿನ ಲೇಪ. ಕಡಲಂಚಿನಲ್ಲಿ ಮಾಸಲು ಬಣ್ಣ, ಒಳಕ್ಕೆ ಬಂದಷ್ಟೂ ಕೆಂಪು.

ಇಲ್ಲಿನ ದಿಬ್ಬಗಳಲ್ಲಿ 'ಡ್ಯೂನ್ 45' ಪ್ರವೇಶದ್ವಾರವಾದ ಸೆಸ್ರಿಯೆಮ್ ಗೇಟಿನಿಂದ 45 ಕಿಲೋಮೀಟರ್ ದೂರದಲ್ಲಿ, ಟಾರು ರಸ್ತೆಯ ಪಕ್ಕದಲ್ಲೇ ಇದೆ. ಹಾಗಾಗಿ ಜನಜಂಗುಳಿ. ನನಗೆ ಹಿಡಿಸಿದ್ದು ಸುಮಾರು 325 ಮೀಟರ್ ಎತ್ತರದ 'ಬಿಗ್ ಡ್ಯಾಡಿ'. ಗೇಟಿನ ಒಳಗೆ ತಂಗಿದವರನ್ನು ಸೂರ್ಯೋದಯಕ್ಕೂ ಮುಂಚೆ ಹೊರಡಲು ಬಿಡುತ್ತಾರೆ. ಸಾಧ್ಯವಾದರೆ ಅಲ್ಲೇ ತಂಗಿ. ಆ ಹೊತ್ತಿನಲ್ಲಿ ಮರಳು ಅಂಗಾಲಿಗೆ ತಣ್ಣಗಿರುತ್ತದೆ. ನಮ್ಮ ಅತ್ತಿಗೆ ಶೂ ಬಿಚ್ಚಿ ಬೆನ್ನಚೀಲಕ್ಕೆ ಕಟ್ಟಿಕೊಂಡು ಕಾಲುಚೀಲದಲ್ಲೇ ಹತ್ತಿದರು. "ಶೂ ತುಂಬ ಮರಳು ಹೊತ್ಕೊಂಡು ಹತ್ತೋದಕ್ಕಿಂತ ಇದೇ ವಾಸಿ ಕಣೇ" ಎಂದರು. ನಾನೂ ಹಾಗೇ ಮಾಡಿದೆ. ಏಣಿನ ಮೇಲೆ ಕರಿ ಜೀರುಂಡೆಯೊಂದು ಹಾದುಹೋದ ಜಾಡು ಸಣ್ಣ ಹೊಲಿಗೆ ಹಾಕಿದಂತೆ ಕಾಣುತ್ತಿತ್ತು.

ಇಳಿಯುವಾಗ ಮಾತ್ರ ಏಣು ಬಿಡಬಹುದು. ಕಡಿದಾದ ಮಗ್ಗುಲಿಗೆ ಹಿಮ್ಮಡಿ ಊರುತ್ತ ಇಳಿದರೆ ಸೀದಾ ಡೆಡ್‌ವ್ಲೇ ಎಂಬ ಒಣ ಜೇಡಿಬಯಲು. ಹಿಂದೆ ತ್ಸೌಚಾಬ್ ನದಿಯ ನೀರು ಇಲ್ಲಿಗೆ ಬರುತ್ತಿತ್ತು. ದಿಬ್ಬಗಳು ದಾರಿಗೆ ಅಡ್ಡ ಬಂದವು, ಜಾಲಿ ಜಾತಿಯ ಮರಗಳು ಒಣಗಿದವು. ಸತ್ತು ಆರೇಳು ನೂರು ವರ್ಷವಾದರೂ, ಕೊಳೆಯುವಷ್ಟು ತೇವವಿಲ್ಲದೆ ಬಿಳಿ ಜೇಡಿನೆಲದಲ್ಲಿ ಇನ್ನೂ ನಿಂತಿವೆ. ಮುಟ್ಟಬೇಡಿ, ಒರಗಬೇಡಿ, ಮುರಿದ ಕೊಂಬೆಯ ಜಾಗದಲ್ಲಿ ಇನ್ನೊಂದು ಚಿಗುರುವುದಿಲ್ಲ.

ಅಲ್ಲಿಂದ ವಾಹನ ನಿಲ್ಲುವ ಜಾಗದವರೆಗೆ ಮರಳಲ್ಲೇ ನಡೆಯಬೇಕು, ನೆರಳಿಲ್ಲ. ಬಿಸಿಲೇರಿದ ಮೇಲೆ ಮರಳಿನ ಮೇಲ್ಮೈ 60 ಡಿಗ್ರಿ ದಾಟುವುದುಂಟು. ದಿಬ್ಬ ಇಳಿದ ಮೇಲೂ ತಲಾ ಒಂದು ಲೀಟರ್ ನೀರು ಉಳಿದಿರಲಿ. ಒಂಬತ್ತು ಗಂಟೆಯಾದರೂ ನೆತ್ತಿ ದೂರವಿದ್ದರೆ ಇದ್ದಲ್ಲಿಂದಲೇ ಇಳಿದುಬಿಡಿ.