ನಾಲ್ಕು ದಿನದ ಗೂಡು

ನಿಮ್ಮ ಬೀದಿಯ ತಿರುವಿನಲ್ಲಿ ಮಲಗಿರುವ ನಾಯಿಯ ಕಿವಿಯನ್ನೊಮ್ಮೆ ನೋಡಿ. ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಇದ್ದರೆ ಅದೊಂದು ರಸೀತಿ. ವ್ಯಾನಿನಲ್ಲಿ ಹೊತ್ತೊಯ್ದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಚುಚ್ಚಿ, ಹಿಡಿದ ಜಾಗಕ್ಕೇ ತಂದು ಬಿಟ್ಟಿದ್ದಾರೆ ಎಂಬುದಕ್ಕೆ ರಸೀತಿ. ಹೋಗಿ ಬರುವ ನಡುವೆ ಅದು ಒಂದು ಗೂಡಿನಲ್ಲಿ ಕನಿಷ್ಠ ನಾಲ್ಕು ದಿನ ಕಳೆದಿರುತ್ತದೆ. ಹೊಲಿಗೆ ಮಾಯಬೇಕಲ್ಲ.

ನಮ್ಮ ಊರುಗಳಲ್ಲಿ ನಾಯಿಗೂಡು ಅಂತ ಇರುವುದು ಹೆಚ್ಚಾಗಿ ಈ ಲೆಕ್ಕದ್ದೇ. ಛತ್ರದ ಕೋಣೆಯಂತೆ: ಬಂದವರು ಹೊರಡಬೇಕು, ಆಗಲೇ ಮುಂದಿನವರಿಗೆ ಜಾಗ. ಈಗ ಆ ಕೋಣೆಗಳಲ್ಲಿ ಹೊರಡದವರು ತುಂಬಿಕೊಂಡಿದ್ದಾರೆ.

ಶುರುವಿನಲ್ಲಿ ಗೂಡೂ ಇರಲಿಲ್ಲ. ಕಂಪನಿ ಸರ್ಕಾರದ ಮುಂಬಯಿಯಲ್ಲಿ ಬೇಸಿಗೆ ಬಂತೆಂದರೆ ಬೀದಿನಾಯಿಗಳನ್ನು ಕೊಲ್ಲುತ್ತಿದ್ದರು. ಕೊಂದವನಿಗೆ ನಾಯಿಯೊಂದಕ್ಕೆ ಎಂಟಾಣೆ ಇನಾಮು. 1832ರಲ್ಲಿ ಇನಾಮಿನ ಆಸೆಗೆ ಬಿದ್ದವರು ಮನೆಬಾಗಿಲ ನಾಯಿಗಳಿಗೂ ಕೈಹಾಕಿದಾಗ ಪಾರ್ಸಿಗಳು ಕೆರಳಿದರು. ಶವಸಂಸ್ಕಾರದಲ್ಲೂ ನಾಯಿಯ ದೃಷ್ಟಿ ಬೀಳಬೇಕೆನ್ನುವ ಜನ ಅವರು. ಜೂನ್ 6ರಂದು ನಾಯಿ ಹಿಡಿಯುವವರ ಮೇಲೆ ಬಿದ್ದರು, ಅಂಗಡಿ ಮುಚ್ಚಿಸಿದರು, ಸೈನಿಕರಿಗೆ ಹೋಗುವ ದಿನಸಿಯನ್ನೂ ತಡೆದರು. ಎರಡು ವರ್ಷದ ಮೇಲೆ ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ವರ್ತಕ ಅಮೀಚಂದ್ ಶಾ ಸೇರಿ ಬಾಂಬೆ ಪಾಂಜರಾಪೋಳವೆಂಬ ಪ್ರಾಣಿಗಳ ಆಶ್ರಯವನ್ನು ಕಟ್ಟಿಸಿದ್ದಕ್ಕೆ ಹಿನ್ನೆಲೆ ಇದೇ ನಾಯಿಕೊಲೆ. ಇಂದು ಭುಲೇಶ್ವರದ ಆ ಅಂಗಳಕ್ಕೆ ಹೋದರೆ ಕಾಣುವುದು ಹೆಚ್ಚಾಗಿ ಹಸುಗಳು. ನಾಯಿಯ ನೆಪದಲ್ಲಿ ಕಟ್ಟಿದ ಮನೆ ಹಸುವಿನದಾಯಿತು ನೋಡಿ.

ಮದ್ರಾಸಿನ ಕಥೆ ಇನ್ನೂ ಕ್ರೂರ. ಅಲ್ಲಿಯ ಪಾಲಿಕೆ ವಿದ್ಯುತ್ ಹರಿಸಿ ನಾಯಿಗಳನ್ನು ಕೊಲ್ಲುತ್ತಿತ್ತು. ಆಗಿನ ಗೂಡೆಂದರೆ ಸರದಿಗಾಗಿ ಕಾಯುವ ಜಾಗ, ಅಷ್ಟೆ. ಬ್ಲೂಕ್ರಾಸ್‌ ಎಂಬ ಪ್ರಾಣಿದಯಾ ಸಂಸ್ಥೆಯ ಚಿನ್ನಿ ಕೃಷ್ಣ ಅವರು ದಾಖಲಿಸಿರುವಂತೆ, ಸತ್ತ ನಾಯಿಗಳ ಸಂಖ್ಯೆ ಎಷ್ಟಿತ್ತೆಂದರೆ ಅಲ್ಲಿಯ ಚರ್ಮ ಸಂಶೋಧನಾ ಸಂಸ್ಥೆ ನಾಯಿಚರ್ಮದ ನೆಕ್‌ಟೈ, ಪರ್ಸುಗಳನ್ನು ರೂಪಿಸಿ ನೋಡಿತ್ತು. ಅಷ್ಟು ಕೊಂದರೂ ನಾಯಿ ಕಡಿಮೆಯಾಗಲಿಲ್ಲ. ನಾಯಿಗೆ ಬಸಿರು ಎರಡು ತಿಂಗಳು, ವರ್ಷಕ್ಕೆ ಎರಡು ಸಲ ಬೆದೆ. ಒಂದು ಬೀದಿ ಖಾಲಿಯಾದರೆ ಅಲ್ಲಿಯ ಎಂಜಲಿಗೆ ಪಕ್ಕದ ಬೀದಿಯ ನಾಯಿ ಬರುತ್ತದೆ. ಕೊಲ್ಲುವ ಬದಲು ಹೆರುವುದನ್ನು ನಿಲ್ಲಿಸಿ ಎಂದು ಬ್ಲೂಕ್ರಾಸ್‌ ಪಾಲಿಕೆಯ ಮುಂದೆ ಇಟ್ಟದ್ದು 1964ರಲ್ಲಿ. ಪಾಲಿಕೆ ಒಪ್ಪಿದ್ದು 1996ರಲ್ಲಿ. ಮೂವತ್ತೆರಡು ವರ್ಷ!

2001ರಲ್ಲಿ ಅದೇ ಇಡೀ ದೇಶದ ನಿಯಮವಾಯಿತು. ಈ ಕೆಲಸದಲ್ಲಿರುವವರ ಬಾಯಲ್ಲಿ ಅದು 'ಎಬಿಸಿ', ಅಂದರೆ ಅನಿಮಲ್ ಬರ್ತ್ ಕಂಟ್ರೋಲ್. ಹಿಡಿ, ಶಸ್ತ್ರಚಿಕಿತ್ಸೆ ಮಾಡು, ಲಸಿಕೆ ಹಾಕು, ಅಲ್ಲೇ ಬಿಡು. ನಾಲ್ಕು ದಿನದ ಗೂಡು ಹುಟ್ಟಿದ್ದು ಇಲ್ಲಿ.

ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧೆ ಹತ್ತು ವರ್ಷ ಮೊದಲೇ, 1991ರಲ್ಲಿ, 'ಕ್ಯೂಪಾ' ಎಂಬ ಸಂಸ್ಥೆ ಕಟ್ಟಿದ್ದರು. ಹಾದಿಯಲ್ಲಿ ಗಾಯಗೊಂಡು ಬಿದ್ದದ್ದನ್ನು ಎತ್ತಿ ತರುವ ಕೆಲಸ. ಕಂತ್ರಿ ನಾಯಿಗೆ ಕಾಲು ಮುರಿದರೆ ಕೂಡಿಸಿ ಮತ್ತೆ ಬೀದಿಗೆ ಬಿಡಬಹುದು. ಬೀದಿಯೇ ಅದರ ಮನೆ. ಆದರೆ ಆಶ್ರಯದ ಗೇಟಿನ ಮುಂದೆ ಯಾರೋ ಕಟ್ಟಿಹೋದ ಲ್ಯಾಬ್ರಡಾರನ್ನು ಎಲ್ಲಿಗೆ ಬಿಡುತ್ತೀರಿ?

ಲೆಕ್ಕ ತಪ್ಪಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. 2003ರಲ್ಲಿ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನಿಗೆ ಬಿದ್ದು ಓಡಿದ ಪಗ್ ಮನೆಮನೆಯ ಬಯಕೆಯಾಯಿತು. ಚಪ್ಪಟೆ ಮೂಗಿನ ಆ ನಾಯಿಗೆ ನಮ್ಮ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ ಎಂದು ಜಾಹೀರಾತು ಹೇಳಲಿಲ್ಲ. ಆಮೇಲೆ ಹಸ್ಕಿಯ ಹುಚ್ಚು: ಹಿಮದಲ್ಲಿ ಗಾಡಿ ಎಳೆಯಲೆಂದು ಬೆಳೆದ ತಳಿ ಎಂಟನೇ ಮಹಡಿಯ ಬಾಲ್ಕನಿಗೆ ಬಂತು. ಲಾಕ್‌ಡೌನಿನಲ್ಲಿ ಬೇಸರ ಕಳೆಯಲು ಕೊಂಡ ಮರಿಗಳು ಆಫೀಸು ತೆರೆಯುವ ಹೊತ್ತಿಗೆ ಸೋಫಾ ಹರಿಯುವ ವಯಸ್ಸಿಗೆ ಬಂದಿದ್ದವು. ಮರಿ ಹೆತ್ತು ಹೆತ್ತು ಸೋತ ತಾಯಿಯನ್ನು ರಿಂಗ್ ರಸ್ತೆಯಲ್ಲಿ ಇಳಿಸಿಹೋಗುವ ವ್ಯಾಪಾರಿಗಳದ್ದು ಬೇರೆಯೇ ಕಥೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 'ಉಗ್ರ' ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿದಾಗ ಅಂಥ ನಾಯಿ ಸಾಕಿದವರಲ್ಲಿ ದಿಗಿಲು ಹುಟ್ಟಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟು ಅದನ್ನು ರದ್ದುಮಾಡಿತು.

ಹೀಗೆ ಬಂದ ನಾಯಿ ಬೀದಿಯಲ್ಲಿ ಬದುಕುವುದಿಲ್ಲ. ಚರ್ಮರೋಗ ಹಿಡಿದ ಆರು ವರ್ಷದ ಹಸ್ಕಿಯನ್ನು ದತ್ತು ಒಯ್ಯುವವರೂ ವಿರಳ. ಅದು ಗೂಡಿನಲ್ಲೇ ಉಳಿಯುತ್ತದೆ. ಎಬಿಸಿ ಕೇಂದ್ರ, ಆಶ್ರಯ ಎರಡೂ ಒಂದೇ ಅಂಗಳದಲ್ಲಿರುವ ಕಡೆ ಇದರ ಪರಿಣಾಮ ಊಹಿಸಿ. ಐದು ದಿನಕ್ಕೊಂದರಂತೆ ವರ್ಷಕ್ಕೆ ಎಪ್ಪತ್ತಕ್ಕೂ ಹೆಚ್ಚು ಬೀದಿನಾಯಿಗಳು ಹೊಲಿಗೆ ಹಾಕಿಸಿಕೊಂಡು ಹೋಗಬೇಕಾದ ಗೂಡಿನಲ್ಲಿ ಒಂದೇ ನಾಯಿ ವರ್ಷಗಟ್ಟಲೆ ಕೂತಿದೆ. ಆ ಎಪ್ಪತ್ತು ಹೊರಗೆ ಮರಿ ಹಾಕುತ್ತಿವೆ. ಮೇಲಿನ ಮಹಡಿಯ ಮನೆಯಿಂದ ಹೊರಬಿದ್ದ ನಾಯಿಗೂ ಕೆಳಗಿನ ಬೀದಿಯಲ್ಲಿ ಕಚ್ಚಿಸಿಕೊಂಡ ಪೌರಕಾರ್ಮಿಕ ಮಹಿಳೆಗೂ ಸಂಬಂಧವಿದೆ. ದಟ್ಟಣೆ ಹೆಚ್ಚಿದಂತೆ ಪಾರ್ವೋ, ಡಿಸ್ಟೆಂಪರ್ ಎಂಬ ಸೋಂಕುಗಳು ಗೂಡಿಂದ ಗೂಡಿಗೆ ಹರಡುತ್ತವೆ. ಆಗ ಆಶ್ರಯದವರಿಗೆ ಗೇಟು ಮುಚ್ಚದೆ ದಾರಿಯಿಲ್ಲ.

ಕಚ್ಚಿಸಿಕೊಳ್ಳುವ ಭಯ ಸುಳ್ಳೆಂದು ನಾಯಿಪ್ರಿಯರು ವಾದಿಸಬಾರದು. 2007ರಲ್ಲಿ ಇದೇ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿಗಳಿಗೆ ಬಲಿಯಾದರು. ಸಿಟ್ಟಿಗೆದ್ದ ನಗರದಲ್ಲಿ ನಾಯಿಗಳ ಸಾಮೂಹಿಕ ಬೇಟೆ ನಡೆಯಿತು. ಆ ಭಯವೇ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದು. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಿಗೆ ಸೇರಿಸಿ, ಮತ್ತೆ ಬಿಡಬೇಡಿ ಎಂದಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ತಿದ್ದಿ, ರೇಬಿಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳ ಹೊರತು ಉಳಿದವನ್ನು ಲಸಿಕೆ ಹಾಕಿ ಬಿಡಬಹುದೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸು ಬಿಡಬಾರದೆಂದು ದೇಶಕ್ಕೆಲ್ಲ ಅನ್ವಯಿಸುವ ಆದೇಶ ಬಂತು.

ವಾಪಸು ಬಿಡಬಾರದು ಅಂದರೆ ಎಲ್ಲಿ ಇಡಬೇಕು? ಒಂದು ಸಣ್ಣ ಗುಣಾಕಾರ ಮಾಡಿ ನೋಡಿದೆ. ಬೆಂಗಳೂರು ಪಾಲಿಕೆಯ 2023ರ ಸಮೀಕ್ಷೆಯಲ್ಲಿ ಬೀದಿನಾಯಿಗಳು 2.79 ಲಕ್ಷ, 2019ರಲ್ಲಿ 3.10 ಲಕ್ಷ ಇದ್ದವು, ಅಂದರೆ ಎಬಿಸಿ ನಿಧಾನವಾಗಿಯಾದರೂ ಕೆಲಸ ಮಾಡಿದೆ. 2025ರಲ್ಲಿ ಪಾಲಿಕೆ ಕೋಳಿ ಅನ್ನ ಹಾಕುವ ಯೋಜನೆ ತಂದು ನಗೆಪಾಟಲಿಗೀಡಾಯಿತಲ್ಲ, ಅದರಲ್ಲಿ ನಾಯಿಯೊಂದಕ್ಕೆ ದಿನದ ಖರ್ಚು ಸುಮಾರು 22 ರೂಪಾಯಿ. ಅಷ್ಟೂ ನಾಯಿಗಳನ್ನು ಕೂಡಿಹಾಕಿದರೆ ಅನ್ನಕ್ಕೇ ದಿನಕ್ಕೆ 61 ಲಕ್ಷ, ವರ್ಷಕ್ಕೆ 220 ಕೋಟಿಗೂ ಮೇಲೆ. ಜಾಗ, ಗೋಡೆ, ವೈದ್ಯರು, ಹೊಲಸು ಬಾಚುವವರು ಇದರಲ್ಲಿಲ್ಲ. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ.

ಇನ್ನು ಸಾಕಿದ ನಾಯಿಯನ್ನು ಬೀದಿಪಾಲು ಮಾಡಿದವನಿಗೆ ಶಿಕ್ಷೆ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದಿಂದ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧವೇ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಆಗ ಅದು ದೊಡ್ಡ ಮೊತ್ತವಿದ್ದಿರಬೇಕು. ಈಗ ಆ ದುಡ್ಡಿಗೆ ನಾಯಿಯ ಬಿಸ್ಕತ್ತಿನ ಒಳ್ಳೆಯ ಪೊಟ್ಟಣವೂ ಬರುವುದಿಲ್ಲ.

ಹಾಗಾಗಿ ಆಶ್ರಯಗಳಲ್ಲಿ ಬೆಳಿಗ್ಗೆ ಗೇಟು ತೆಗೆಯುವವರು ಮೊದಲು ನೋಡುವುದು ಹೊರಗಿನ ಸರಳುಗಳನ್ನು. ರಾತ್ರಿ ಯಾರೋ ಕಟ್ಟಿಹೋಗಿರುತ್ತಾರೆ. ಕೆಲವೊಮ್ಮೆ ಪಕ್ಕದಲ್ಲಿ ಅರ್ಧ ಖಾಲಿಯಾದ ಆಹಾರದ ಚೀಲ, ಅದು ಮಲಗುತ್ತಿದ್ದ ಚಾದರ. ಬೀದಿಯಿಂದ ಬಂದ ನಾಯಿ ಮೂಲೆ ಹಿಡಿದು ಗುರ್ರೆನ್ನುತ್ತದೆ. ಇದು ಹಾಗಲ್ಲ, ಹೊಸ ಕಾರು ನಿಂತ ಸದ್ದಾದಾಗಲೆಲ್ಲ ಎದ್ದು ಬಾಲ ಅಲ್ಲಾಡಿಸುತ್ತದೆ.