ಬಣ್ಣ ಹಚ್ಚದೆ ಕಾಣುವ ಜೀವಕೋಶ

ಕುರುಬರಹಳ್ಳಿಯ ಮನೆಯೊಂದರಲ್ಲಿ ಯಾರಿಗೋ ಮೈಮೇಲೆ ಗಂಟು ಕಾಣಿಸಿಕೊಂಡಿತೆನ್ನಿ. ವೈದ್ಯರು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. 'ಬಯಾಪ್ಸಿ ರಿಪೋರ್ಟ್ ಬರಲಿ, ನೋಡೋಣ' ಎನ್ನುತ್ತಾರೆ. ರಿಪೋರ್ಟ್ ಬರುವವರೆಗೆ ಮನೆಯವರಿಗೆ ಊಟ ರುಚಿಸದು, ನಿದ್ದೆ ಹತ್ತದು.

ಅಷ್ಟು ದಿನ ಏಕೆ ಬೇಕು? ಹೆಚ್ಚಿನ ಜೀವಕೋಶಗಳಿಗೆ ಸ್ವಂತ ಬಣ್ಣವೇ ಇಲ್ಲ. ತೆಳುವಾಗಿ ಕೊಯ್ದ ಅಂಗಾಂಶ ಸೂಕ್ಷ್ಮದರ್ಶಕದಡಿ ಗಾಜಿನಂತೆ ಪಾರದರ್ಶಕ. ಹಾಗಾಗಿ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ತೆಗೆದು, ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು ಬಣ್ಣ ಹಾಕಬೇಕು. ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೇರಳೆ ಬಣ್ಣ ಕೊಟ್ಟರೆ, ಇಯೋಸಿನ್ ಉಳಿದ ಭಾಗಕ್ಕೆ ಗುಲಾಬಿ ಬಣ್ಣ ಕೊಡುತ್ತದೆ. ಶಸ್ತ್ರಕ್ರಿಯೆಯ ನಡುವೆ ತುರ್ತಾಗಿ ಬೇಕೆಂದರೆ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ಯುವ ವಿಧಾನವುಂಟು. ಅದಕ್ಕೂ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ.

ಬಣ್ಣದ ಹಂಗಿಲ್ಲದೆ ನೋಡಲಾಗದೆ? ಇದಕ್ಕೆ ಒಂದು ಉತ್ತರ ಸರ್ ಸಿ.ವಿ. ರಾಮನ್ ಅವರಿಂದ ಬಂದಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ಬಗ್ಗೆ ಅವರು ಉಪನ್ಯಾಸ ನೀಡಿದ್ದು ಅದೇ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. 1933ರಲ್ಲಿ ಅವರು ನಿರ್ದೇಶಕರಾಗಿ ಬಂದ ಭಾರತೀಯ ವಿಜ್ಞಾನ ಸಂಸ್ಥೆ ಕುರುಬರಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರ.

ವಸ್ತುವಿನ ಮೇಲೆ ಬಿದ್ದ ಬೆಳಕು ಚದರುವಾಗ ಸರಿಸುಮಾರು ಕೋಟಿಗೊಂದು ಕಣ ಮಾತ್ರ ತನ್ನ ಬಣ್ಣ ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಾಯಿತೆಂಬುದು ಅಣುವಿನ ಕಂಪನವನ್ನು ಅವಲಂಬಿಸಿದೆ. ಕೊಬ್ಬಿನ ಕಂಪನವೇ ಬೇರೆ, ಪ್ರೋಟೀನಿನದೇ ಬೇರೆ. ಅಂದರೆ ಅಣು ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ!

ಕೋಟಿಗೊಂದು ಕಣವನ್ನು ಹಿಡಿಯುವುದು ಸುಲಭವಲ್ಲ. ಇಲ್ಲಿ ನೆರವಿಗೆ ಬಂದದ್ದು ಲೇಸರ್. ಎರಡು ಲೇಸರ್ ಕಿರಣಗಳ ಆವರ್ತನಗಳ ಅಂತರ ಅಣುವಿನ ಕಂಪನಕ್ಕೆ ಸರಿಹೊಂದಿದರೆ ಸಂಕೇತ ಬಹಳ ಪಾಲು ಬಲಗೊಳ್ಳುತ್ತದೆ. ಈ ತಂತ್ರದಿಂದ ಆಗತಾನೆ ತೆಗೆದ ಅಂಗಾಂಶದ ಚಿತ್ರವನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ಪಡೆಯಬಹುದು. ಅಮೆರಿಕದಲ್ಲಿ 278 ರೋಗಿಗಳ ಮಿದುಳುಗಂತಿಗಳನ್ನು ಹೀಗೆ ಪರೀಕ್ಷಿಸಿದ ವರದಿ 2020ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಎರಡೂವರೆ ನಿಮಿಷದೊಳಗೆ ಹೇಳಿದ ಉತ್ತರಗಳಲ್ಲಿ ಶೇ. 94.6 ಸರಿಯಾಗಿದ್ದವು. ಹಳೆಯ ವಿಧಾನದಲ್ಲಿ ತಜ್ಞರದು ಶೇ. 93.9.

ತಮಾಷೆಯೆಂದರೆ, ಈ ಚಿತ್ರಗಳಿಗೂ ಕಂಪ್ಯೂಟರಿನಲ್ಲಿ ಗುಲಾಬಿ, ನೇರಳೆ ಬಣ್ಣಗಳನ್ನೇ ತುಂಬುತ್ತಾರೆ. ವೈದ್ಯರ ಕಣ್ಣು ಪಳಗಿರುವುದು ಅವಕ್ಕೇ ತಾನೆ?

ಲೇಸರ್ ಯಂತ್ರ ದುಬಾರಿ, ಬಣ್ಣದ ಸೀಸೆ ಅಗ್ಗ. ಹಾಗಾಗಿ ಸಾಮಾನ್ಯ ಪ್ರಯೋಗಾಲಯಗಳಲ್ಲಿ ಹಳೆಯ ಪದ್ಧತಿಯೇ ಇನ್ನೂ ಆಧಾರ. ಯಂತ್ರದ ಬೆಲೆ ಇಳಿದು ಊರೂರಿನ ಆಸ್ಪತ್ರೆಗೆ ಬಂದಾಗಲೇ ಆ ಮನೆಯವರು ಕಾಯುವ ದಿನಗಳು ಕಡಿಮೆಯಾದಾವು.